ನಡುವಿನ ಎಲೆ

ಒಬ್ಬ ಮನುಷ್ಯ ಎಂಥವನೆಂದು ತಿಳಿಯಬೇಕಾದರೆ ಕನ್ನಡದಲ್ಲಿ ಅವನ ನಡೆನುಡಿ ಹೇಗೆ ಎಂದು ಕೇಳುತ್ತಾರೆ. ಹೆಣ್ಣು ಕೊಡುವವರು, ಹೊಲ ಗುತ್ತಿಗೆಗೆ ಬಿಡುವವರು, ಸಾಲಕ್ಕೆ ಜಾಮೀನು ನಿಲ್ಲುವವರು ಎಲ್ಲರೂ ಕೇಳುವುದು ಇದನ್ನೇ. ಕ್ರೈಸ್ತ ಧರ್ಮದಲ್ಲಿ ಇದು ದೇವರ ಮುಂದೆ ಉತ್ತರ ಹೇಳಬೇಕಾದ ಪ್ರಶ್ನೆ. ಮನುಷ್ಯನ ಒಳಗು ಮಾತಿನಲ್ಲೂ ಕೆಲಸದಲ್ಲೂ ಹೊರಬೀಳುತ್ತದೆ ಎಂದು ಯೇಸು ಬೋಧಿಸಿದ. ಆ ಎರಡನ್ನೂ ಮನುಷ್ಯ ತನಗೆ ಬೇಕಾದಂತೆ ಕಟ್ಟಿ ತೋರಿಸಬಲ್ಲ ಎಂದೂ ಅವನೇ ಎಚ್ಚರಿಸಿದ. ಎರಡನ್ನೂ ಒಟ್ಟಿಗೆ ಹಿಡಿಯಹೊರಟರೆ ತೊಡಕು ಶುರುವಾಗುತ್ತದೆ.

ಈ ಸಂವಾದದಲ್ಲಿ ಮಾತಾಡುವವರು ಇಬ್ಬರು. ಒಬ್ಬರು ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ ನಿವೃತ್ತ ಮೇಷ್ಟ್ರು. ಇನ್ನೊಬ್ಬ ಅವರ ಹಳೆಯ ಶಿಷ್ಯ, ಹಾಸನದ ಕಡೆಯ ಕಥೋಲಿಕ ಉಪದೇಶಿ. ಉಪದೇಶಿ ಎಂದರೆ ಗುರುಪಟ್ಟ ಪಡೆದ ಸ್ವಾಮಿಗಳಲ್ಲ. ಊರಿನ ಮಕ್ಕಳಿಗೂ ಹೊಸಬರಿಗೂ ಧರ್ಮದ ಪಾಠ ಹೇಳಿಕೊಡುವವನು. ರುದ್ರಪಟ್ಟಣ ಕಾವೇರಿ ದಡದ ಸಂಗೀತದ ಊರು. ಸಾಹಿತ್ಯದ ಸ್ಪಷ್ಟ ಉಚ್ಚಾರಣೆಗೆ ಹೆಸರಾದ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಇಲ್ಲೇ. ತಂಬೂರಿಯ ಆಕಾರದಲ್ಲಿ ಕಟ್ಟಿದ ಸಪ್ತಸ್ವರ ದೇವತಾ ಧ್ಯಾನ ಮಂದಿರ ಇರುವುದೂ ಇಲ್ಲೇ. ಮೇಷ್ಟ್ರ ಮನೆಯ ಜಗುಲಿಯ ಮೇಲೂ ಒಂದು ತಂಬೂರಿ ಮಲಗಿದೆ. ಅದರ ನೂಲು ಸವೆದಿದೆ.

ಮೇಷ್ಟ್ರು: ನಿಮ್ಮಲ್ಲಿ ಈ ವಿಚಾರ ಎಲ್ಲಿಂದ ಶುರುವಾಗುತ್ತದಪ್ಪಾ? ಮೊದಲು ನುಡಿಯೋ, ನಡೆಯೋ?

ಉಪದೇಶಿ: ಎರಡಕ್ಕೂ ಮೊದಲು ಹೃದಯ, ಮೇಷ್ಟ್ರೇ. ಆದರೆ ಆ ಪದವನ್ನು ಸಿನಿಮಾ ಹಾಡಿನ ಹೃದಯದ ಹಾಗೆ ತಿಳಿಯಬಾರದು. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ಅದಕ್ಕೆ ಲೇವ್ ಎನ್ನುತ್ತಾರೆ. ಯೋಚನೆ ಮಾಡುವುದು, ತೀರ್ಮಾನ ತೆಗೆದುಕೊಳ್ಳುವುದು, ಹಟ ಹಿಡಿಯುವುದು, ಮರೆಯದೆ ಇಟ್ಟುಕೊಳ್ಳುವುದು, ಎಲ್ಲ ಅಲ್ಲೇ. ಕನ್ನಡದಲ್ಲಿ ಬುದ್ಧಿ, ಮನಸ್ಸು, ಎದೆ ಎಂದು ಮೂರು ಕಡೆ ಹಂಚಿರುವುದನ್ನು ಅವರು ಒಂದೇ ಕಡೆ ಇಟ್ಟಿದ್ದಾರೆ. ಯೇಸುಸ್ವಾಮಿ ಅದನ್ನು ಒಂದು ಉಗ್ರಾಣಕ್ಕೆ ಹೋಲಿಸುತ್ತಾರೆ. ಯಜಮಾನ ಏನನ್ನು ಕೂಡಿಟ್ಟಿದ್ದಾನೋ ಅದನ್ನೇ ತಾನೆ ಹೊರಗೆ ತರಲು ಸಾಧ್ಯ?

ಮೇಷ್ಟ್ರು: ಯಾವ ಸಂದರ್ಭದಲ್ಲಿ ಬರುವ ಮಾತು ಅದು?

ಉಪದೇಶಿ: ಜಗಳದ ಸಂದರ್ಭ. ಮತ್ತಾಯನ ಶುಭಸಂದೇಶದ 12ನೆಯ ಅಧ್ಯಾಯ. ದೆವ್ವ ಹಿಡಿದು ಕುರುಡನೂ ಮೂಗನೂ ಆಗಿದ್ದ ಒಬ್ಬನನ್ನು ಯೇಸು ವಾಸಿ ಮಾಡುತ್ತಾರೆ. ನೋಡಿದ ಫರಿಸಾಯ ಪಂಗಡದವರು, ಇವನು ದೆವ್ವಗಳ ಒಡೆಯನ ಸಹಾಯದಿಂದ ದೆವ್ವ ಬಿಡಿಸುತ್ತಾನೆ ಎನ್ನುತ್ತಾರೆ. ಕಣ್ಣೆದುರು ಒಬ್ಬನಿಗೆ ಒಳ್ಳೆಯದಾಗಿದೆ, ಇವರ ಬಾಯಿಂದ ಬಂದದ್ದು ಇದು. ಅದಕ್ಕೆ ಉತ್ತರವಾಗಿ ಮರ ಮತ್ತು ಹಣ್ಣಿನ ಮಾತು, ಉಗ್ರಾಣದ ಮಾತು ಬರುತ್ತವೆ. ಕಡೆಗೆ, ಆಡಿದ ಪ್ರತಿಯೊಂದು ಪೊಳ್ಳು ಮಾತಿಗೂ ನ್ಯಾಯತೀರ್ಪಿನ ದಿನ ಲೆಕ್ಕ ಕೊಡಬೇಕು ಎಂಬ ಎಚ್ಚರಿಕೆ. ಆ ಪೊಳ್ಳು ಎಂಬುದಕ್ಕೆ ಗ್ರೀಕ್ ಮೂಲದಲ್ಲಿ ಆರ್ಗೊಸ್ ಎಂದಿದೆ. ಕೆಲಸ ಮಾಡದೆ ಕೂತದ್ದು ಎಂದು ಅರ್ಥ.

ಮೇಷ್ಟ್ರು: ಕೆಲಸಕ್ಕೆ ಬಾರದ ಮಾತಿಗೆ ಅಷ್ಟೊಂದು ತೂಕ ಏಕೆ? ಭಾಷಣಕ್ಕೆ, ಆಣೆಗೆ, ಬೋಧನೆಗೆ ಲೆಕ್ಕ ಕೇಳಿದರೆ ಸರಿ. ಅರಳಿಕಟ್ಟೆ ಮೇಲೆ ಕೂತು ಆಡಿದ್ದಕ್ಕೂ ಲೆಕ್ಕವೆ?

ಉಪದೇಶಿ: ಭಾಷಣ ತಯಾರಿ ಮಾಡಿಕೊಂಡು ಬಂದ ಮಾತು, ಮೇಷ್ಟ್ರೇ. ಅದರಲ್ಲಿ ಕಾಣುವುದು ತಯಾರಿ. ಕಟ್ಟೆಯ ಮೇಲೆ ಬಾಯಿಗೆ ಬಂದದ್ದು, ಬಸ್ಸಿನಲ್ಲಿ ಕಾಲು ತುಳಿದಾಗ ಬಂದದ್ದು, ಕೂಲಿಯವನು ಒಂದು ದಿನ ತಡವಾಗಿ ಬಂದಾಗ ಬಂದದ್ದು, ಇವು ಯಾವ ತಯಾರಿಯೂ ಇಲ್ಲದೆ ನೇರವಾಗಿ ಉಗ್ರಾಣದಿಂದ ಬರುತ್ತವೆ.

ಮೇಷ್ಟ್ರು ತಂಬೂರಿಯನ್ನು ತೊಡೆಯ ಮೇಲೆ ಎಳೆದುಕೊಂಡು ಸವೆದ ನೂಲೆಳೆಗಳನ್ನು ಒಂದೊಂದಾಗಿ ಬಿಡಿಸಿದರು. ತಂಬೂರಿಯ ಕುದುರೆಯ ಮೇಲೆ, ಪ್ರತಿ ತಂತಿಯ ಅಡಿಯಲ್ಲಿ ಒಂದು ಎಳೆ ನೂಲಿರುತ್ತದೆ. ಅದಕ್ಕೆ ಜೀವ ಎಂದು ಹೆಸರು. ಅದು ಕೂದಲೆಳೆಯಷ್ಟು ಅತ್ತಿತ್ತ ಸರಿದರೂ ನಾದ ಅರಳದೆ ಮಂಕಾಗುತ್ತದೆ. ಸಭೆಯಲ್ಲಿ ಕೂತವರಿಗೆ ನೂಲು ಕಾಣುವುದಿಲ್ಲ. ಅದು ಸರಿಯಾಗಿ ಕೂತಿದೆಯೋ ಇಲ್ಲವೋ ಎಂಬುದು ಮಾತ್ರ ತಂತಿ ಮೀಟಿದ ಕೂಡಲೇ ಕೇಳಿಸುತ್ತದೆ.

ಮೇಷ್ಟ್ರು: ಅಂದರೆ ಇದರ ಹಾಗೆ. ಆದರೆ ಮರ, ಹಣ್ಣು ಎಂದೆಯಲ್ಲ, ತೋಟ ಮಾಡಿದವನಿಗೆ ಒಂದು ಅನುಮಾನ ಬರುತ್ತದೆ. ತೆಂಗಿನ ಸಸಿ ನೆಟ್ಟರೆ ಫಲ ಕಾಣಲು ಎಷ್ಟೋ ವರ್ಷ ಬೇಕು. ಅಲ್ಲಿಯವರೆಗೆ ಮರ ಒಳ್ಳೆಯದೋ ಕೆಟ್ಟದ್ದೋ ಹೇಳುವುದು ಹೇಗೆ?

ಉಪದೇಶಿ: ಹೇಳಲಾಗುವುದಿಲ್ಲ. ಕಾಯಬೇಕು. ಈ ಹೋಲಿಕೆಯನ್ನು ಉದ್ಧರಿಸುವವರು ಬಹಳ, ಅದರೊಳಗಿನ ಈ ಕಾಯುವಿಕೆಯನ್ನು ಗಮನಿಸುವವರು ಕಡಿಮೆ. ಹೂವಿನಿಂದ ತಿಳಿಯುತ್ತದೆ ಎಂದು ಯೇಸು ಹೇಳಲಿಲ್ಲ, ಎಲೆಯಿಂದ ಎಂದೂ ಹೇಳಲಿಲ್ಲ. ಸಂತ ಪೌಲರು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೆಟ್ಟದ್ದರ ಪಟ್ಟಿ ಕೊಡುವಾಗ ಅವರು ಕೃತ್ಯಗಳು ಎಂದು ಬಹುವಚನ ಬಳಸುತ್ತಾರೆ. ಪ್ರೀತಿ, ಆನಂದ, ಶಾಂತಿ, ತಾಳ್ಮೆಯಿಂದ ಹಿಡಿದು ಆತ್ಮಸಂಯಮದವರೆಗೆ ಒಂಬತ್ತನ್ನು ಹೇಳುವಾಗ ಮಾತ್ರ ಫಲ ಎಂದು ಏಕವಚನ. ಒಂಬತ್ತೂ ಸೇರಿ ಒಂದೇ ಹಣ್ಣು. ತಾಳ್ಮೆಯಿಲ್ಲದ ಪ್ರೀತಿ, ಸಂಯಮವಿಲ್ಲದ ಆನಂದ ಅರ್ಧ ಕಚ್ಚಿದ ಹಣ್ಣಿನಂತೆ.

ಮೇಷ್ಟ್ರು: ಒಳ್ಳೆಯದು. ಈಗ ನನ್ನ ತಕರಾರು ಕೇಳು. ರಾಮನಾಥಪುರದ ಹೊಗೆಸೊಪ್ಪಿನ ಹರಾಜು ಕಟ್ಟೆಗೆ ಹೋಗಿ ನೋಡಿದ್ದೀಯಾ? ಬೇಲಿನ ಮೇಲುಗಡೆ ಹೊಂಬಣ್ಣದ ಎಲೆ ಮಿರಿಮಿರಿ ಮಿಂಚುತ್ತಿರುತ್ತದೆ. ಕೊಳ್ಳುವವನು ಪಳಗಿದವನಾದರೆ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಬೇಲಿನೊಳಕ್ಕೆ ಕೈ ತೂರಿಸಿ ನಡುವಿನ ಎಲೆ ಎಳೆಯುತ್ತಾನೆ. ಒಂದೊಂದು ಸಲ ಅಲ್ಲಿಂದ ಕಪ್ಪು ಎಲೆ ಬರುತ್ತದೆ. ಮನುಷ್ಯನ ನಡೆನುಡಿಯೂ ಹಾಗೆ ಮೇಲುಗಡೆ ಜೋಡಿಸಿಟ್ಟದ್ದಾದರೆ? ಬಾಯಲ್ಲಿ ಬೆಲ್ಲ, ಕರುಳು ಕತ್ತರಿ ಎಂದು ಸುಮ್ಮನೆ ಹೇಳುತ್ತಾರೆಯೆ?

ಉಪದೇಶಿ: ಆ ತಕರಾರು ಶುಭಸಂದೇಶದಲ್ಲೇ ಇದೆ. ಯೇಸುವಿನ ಶಿಷ್ಯ ಯೂದನನ್ನೇ ನೋಡಿ. ಬೆಥಾನಿಯ ಊಟದ ಮನೆಯಲ್ಲಿ ಮರಿಯಳು ಬೆಲೆಬಾಳುವ ಸುಗಂಧತೈಲವನ್ನು ಯೇಸುವಿನ ಪಾದಕ್ಕೆ ಹಚ್ಚುತ್ತಾಳೆ. ಇದನ್ನು ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಕೇಳುವವನು ಯೂದ. ಆ ಮನೆಯಲ್ಲಿ ಆಡಿದ ಮಾತುಗಳಲ್ಲಿ ಕೇಳಲು ಅತ್ಯಂತ ಧರ್ಮದ ಮಾತು ಅದೇ. ಆದರೆ ಹಣದ ಚೀಲ ಇವನ ಕೈಯಲ್ಲಿತ್ತು, ಅದರಲ್ಲಿ ಕದಿಯುತ್ತಿದ್ದ ಎಂದು ಯೊವಾನ್ನ ಪಕ್ಕದಲ್ಲೇ ಬರೆದಿಡುತ್ತಾರೆ. ಮುಂದೆ ಗೆತ್ಸೆಮನೆ ತೋಪಿನಲ್ಲಿ ಅವನು ಯೇಸುವನ್ನು ಹಿಡಿದುಕೊಟ್ಟದ್ದು ಮುತ್ತಿಟ್ಟು. ಮಾತು ಸುಳ್ಳಾಗಬಹುದು, ಕೃತಿ ಸುಳ್ಳಾಗದು ಎನ್ನುವವರು ಆ ಮುತ್ತನ್ನು ಮರೆತಿರುತ್ತಾರೆ.

ಮೇಷ್ಟ್ರು: ಹಾಗಾದರೆ ಎರಡೂ ಕೈಕೊಟ್ಟವು. ಉಳಿದದ್ದೇನು?

ಉಪದೇಶಿ: ಉಳಿದದ್ದು ಪೇತ್ರ, ಯೇಸುವಿನ ಇನ್ನೊಬ್ಬ ಶಿಷ್ಯ. ಅದೇ ರಾತ್ರಿ ಪ್ರಧಾನ ಯಾಜಕನ ಮನೆಯಂಗಳದಲ್ಲಿ ಕೆಂಡ ಕಾಯಿಸಿಕೊಳ್ಳುತ್ತಿದ್ದವರ ನಡುವೆ ಪೇತ್ರನೂ ಇದ್ದ. ನೀನೂ ಅವನ ಕಡೆಯವನಲ್ಲವೇ ಎಂದು ಕೇಳಿದಾಗ ಅಲ್ಲ ಎಂದ. ಸುತ್ತ ನಿಂತವರು ನಂಬಲಿಲ್ಲ. ಅವನ ಗಲಿಲಾಯದ ಮಾತಿನ ಧಾಟಿಯೇ ಅವನನ್ನು ತೋರಿಸಿಕೊಟ್ಟಿತು. ಸುಳ್ಳು ಹೇಳಲು ಬಾಯಿ ತೆರೆದ, ತೆರೆದ ಬಾಯಿಯೇ ನಿಜ ಹೇಳಿಬಿಟ್ಟಿತು.

ಮೇಷ್ಟ್ರು ನಕ್ಕರು. ಅವರು ಸಂಕೇತಿಯವರು. ಸೆಂಕೋಟೆಯ ಕಡೆಯಿಂದ ಬಂದವರೆಂದು ಹೇಳಿಕೊಳ್ಳುವ ಆ ಸಮುದಾಯದ ಮನೆಮಾತಿನಲ್ಲಿ ತಮಿಳು, ಮಲಯಾಳ, ಕನ್ನಡಗಳ ಬೆರಕೆಯಿದೆ. ಬೆಂಗಳೂರಿನಲ್ಲಿ ಮೂವತ್ತು ವರ್ಷ ಇದ್ದು ಬಂದವರು ಎರಡು ವಾಕ್ಯ ಆಡಿದರೆ ಸಾಕು, ಊರಿನ ಮುದುಕಿಯರು ಯಾರ ಮನೆಯವನೆಂದು ಹೇಳಿಬಿಡುತ್ತಾರೆ.

ಮೇಷ್ಟ್ರು: ಧಾಟಿ ಊರು ಹೇಳುತ್ತದೆ, ಒಪ್ಪಿದೆ. ಗುಣ ಹೇಳುತ್ತದೆಯೆ?

ಉಪದೇಶಿ: ಗುಣ ಹೇಳಿದ್ದು ಆಮೇಲಿನದು. ಮೂರನೆಯ ಸಲ ಪೇತ್ರ ಆಣೆ ಹಾಕಿ, ಶಪಿಸಿ, ಆ ಮನುಷ್ಯ ಯಾರೋ ಗೊತ್ತಿಲ್ಲ ಎಂದ. ಅಲ್ಲಿ ಅವನೊಳಗಿನ ಹೆದರಿಕೆ ಹೊರಬಿತ್ತು. ಕೋಳಿ ಕೂಗಿದ ಮೇಲೆ ಹೊರಗೆ ಹೋಗಿ ಅತ್ತ. ಅಲ್ಲಿ ಇನ್ನೊಂದು ಹೊರಬಿತ್ತು. ಹೆದರಿಕೆಯೂ ನಿಜ, ಅಳುವೂ ನಿಜ. ಒಬ್ಬನ ಒಂದು ಮಾತು, ಒಂದು ಕೆಲಸ ಹಿಡಿದು ಇವನು ಇಷ್ಟೇ ಎಂದು ಷರಾ ಬರೆಯಲಾಗದು ಎಂಬುದಕ್ಕೆ ಕ್ರೈಸ್ತ ಸಭೆ ಮತ್ತೆ ಮತ್ತೆ ಮುಂದಿಡುವುದು ಈ ರಾತ್ರಿಯನ್ನು. ಪೇತ್ರನೂ ಯೂದನೂ ಒಂದೇ ರಾತ್ರಿ ಬಿದ್ದವರು. ಬಿದ್ದ ಮೇಲೆ ಯಾವ ಕಡೆ ತಿರುಗಿದರು ಎಂಬುದರಲ್ಲಿ ಅವರ ದಾರಿ ಬೇರೆಯಾಯಿತು.

ಮೇಷ್ಟ್ರು: ಆದರೂ ವೇಷದ ಪ್ರಶ್ನೆ ಉಳಿಯಿತು. ನಮ್ಮ ಸೀಮೆಯಲ್ಲಿ ಕುರುಕ್ಷೇತ್ರ ನಾಟಕ ಆಡಿಸದ ಊರಿಲ್ಲ. ರಾತ್ರಿ ಹಾರ್ಮೋನಿಯಂ ಮುಂದೆ ಧರ್ಮರಾಯನಾಗಿ ಕಂದಪದ್ಯ ಹಾಡಿ ಜನರ ಕಣ್ಣಲ್ಲಿ ನೀರು ತರಿಸಿದವನು ಬೆಳಗಾದರೆ ಬದುವಿನ ಅರ್ಧ ಅಡಿಗೆ ಅಣ್ಣತಮ್ಮಂದಿರ ಮೇಲೆ ಕುಡುಗೋಲು ಎತ್ತಿರುತ್ತಾನೆ.

ಉಪದೇಶಿ: ಯೇಸು ಬಳಸಿದ ಪದವೂ ನಾಟಕದ್ದೇ. ಕನ್ನಡ ಬೈಬಲ್ಲಿನಲ್ಲಿ ಕಪಟಿಗಳು ಎಂದಿರುವ ಕಡೆ ಗ್ರೀಕಿನಲ್ಲಿ ಹಿಪೊಕ್ರಿಟೇಸ್ ಎಂದಿದೆ. ಮುಖವಾಡ ತೊಟ್ಟು ರಂಗದ ಮೇಲೆ ಬರುವ ಪಾತ್ರಧಾರಿ ಎಂದು ಅರ್ಥ. ಭಿಕ್ಷೆ ಕೊಡುವಾಗ ತುತ್ತೂರಿ ಊದಿಸುವವರು, ಬೀದಿ ಮೂಲೆಯಲ್ಲಿ ನಿಂತು ಪ್ರಾರ್ಥಿಸುವವರು, ಉಪವಾಸದಂದು ಮುಖ ಬಾಡಿಸಿಕೊಂಡು ತಿರುಗುವವರು ಅವರಿಗೆ ಪಾತ್ರಧಾರಿಗಳಾಗಿ ಕಂಡರು. ಇದು ಮತ್ತಾಯನ 6ನೆಯ ಅಧ್ಯಾಯ. ಗಮನಿಸಿ, ದಾನ, ಪ್ರಾರ್ಥನೆ, ಉಪವಾಸ ಮೂರೂ ಒಳ್ಳೆಯ ಕೆಲಸಗಳೇ. ಕೆಲಸದಲ್ಲಿ ದೋಷವಿಲ್ಲ; ನೋಡುವವರು ಎದ್ದು ಹೋದರೆ ಕೆಲಸವೂ ನಿಲ್ಲುತ್ತದೆ, ದೋಷ ಅಲ್ಲಿದೆ. ಅದಕ್ಕೇ ಅವರು ಹೇಳುವ ಮದ್ದು: ಕದ ಹಾಕಿಕೊಂಡು ಪ್ರಾರ್ಥಿಸು, ಬಲಗೈ ಕೊಟ್ಟದ್ದು ಎಡಗೈಗೂ ತಿಳಿಯದಿರಲಿ. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ, ಯಾರೂ ಕೈ ಹಾಕಿ ನೋಡದಿದ್ದರೂ ನಡುವಿನ ಎಲೆ ಚೆನ್ನಾಗಿರಲಿ.

ಮೇಷ್ಟ್ರು: ಸುಣ್ಣ ಬಳಿದ ಸಮಾಧಿ ಎಂದೂ ಬೈಯುತ್ತಾರಂತಲ್ಲ?

ಉಪದೇಶಿ: ಹೌದು, 23ನೆಯ ಅಧ್ಯಾಯ. ಆ ಬೈಗುಳದ ಹಿಂದೆ ಒಂದು ಆಚಾರವಿದೆ. ಪಾಸ್ಕ ಹಬ್ಬಕ್ಕೆ ಜೆರುಸಲೇಮಿಗೆ ಬರುವ ಯಾತ್ರಿಕರು ತಿಳಿಯದೆ ಸಮಾಧಿ ಮುಟ್ಟಿ ಮೈಲಿಗೆಯಾಗದಿರಲಿ ಎಂದು ಯೆಹೂದ್ಯರು ಅವಕ್ಕೆ ಸುಣ್ಣ ಬಳಿಯುತ್ತಿದ್ದರು. ಸುಣ್ಣ ಅಲಂಕಾರಕ್ಕಲ್ಲ, ದೂರವಿರಿ ಎಂಬ ಗುರುತಿಗೆ. ಅಷ್ಟು ಬೆಳ್ಳಗೆ ಕಾಣುವುದೇ ಒಳಗೆ ಮೂಳೆಯಿದೆ ಎಂಬ ಸೂಚನೆ. ಅತಿಯಾದ ಶುಚಿಯ ಪ್ರದರ್ಶನ ಕಂಡರೆ ಹಾಗೇ ತಿಳಿಯಿರಿ ಎಂಬ ಕುಟುಕು ಅದರಲ್ಲಿದೆ.

ಮಾತು ನಂಬಿಕೆಯ ಕಡೆಗೆ ಹೊರಳಿತು. ಕೆಲಸ ಒಳಗಿನ ಗುಣದ ಗುರುತು ಮಾತ್ರವೋ, ಮನುಷ್ಯನನ್ನು ಉದ್ಧರಿಸುವುದೂ ಅದೇಯೋ ಎಂಬುದು ಕ್ರೈಸ್ತ ಜಗತ್ತನ್ನು ಒಡೆದ ಪ್ರಶ್ನೆಗಳಲ್ಲಿ ಒಂದು. ಸಂತ ಯಕೋಬನ ಪತ್ರ ಕೆಲಸವಿಲ್ಲದ ನಂಬಿಕೆಯನ್ನು ಹೆಣಕ್ಕೆ ಹೋಲಿಸುತ್ತದೆ. ಹರಕು ಬಟ್ಟೆಯಲ್ಲಿ ಹಸಿದು ಬಂದವನನ್ನು ಹರಸಿ ಬರಿಗೈಯಲ್ಲಿ ಕಳಿಸಿದರೆ ಏನು ಬಂತು ಎಂದು ಕೇಳುತ್ತದೆ. ಕುದುರೆಯ ಬಾಯಿಯ ಕಡಿವಾಣ, ಹಡಗಿನ ಚುಕ್ಕಾಣಿ, ಕಾಡು ಸುಡುವ ಕಿಡಿ ಎಂದು ನಾಲಗೆಯನ್ನು ವರ್ಣಿಸುವುದೂ ಇದೇ ಪತ್ರ. ನಂಬಿಕೆಯೊಂದೇ ಸಾಕು ಎಂದ ಮಾರ್ಟಿನ್ ಲೂಥರ್ 1522ರಲ್ಲಿ ತನ್ನ ಜರ್ಮನ್ ಹೊಸ ಒಡಂಬಡಿಕೆಯ ಮುನ್ನುಡಿಯಲ್ಲಿ ಇದನ್ನು ಹುಲ್ಲಿನ ಪತ್ರ ಎಂದು ಕರೆದ. ಕಥೋಲಿಕರು 1547ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ತಮ್ಮ ಉತ್ತರ ಕೊಟ್ಟರು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಎರಡೂ ಕಡೆಯವರು ಜಂಟಿ ಘೋಷಣೆಗೆ ಸಹಿ ಹಾಕಿದರು: ಉದ್ಧಾರ ದೇವರ ಕೃಪೆಯಿಂದ, ಒಳ್ಳೆಯ ಕೆಲಸ ಅದರ ಫಲ. ಸುಮಾರು ನಾಲ್ಕೂವರೆ ಶತಮಾನ ಕಳೆದು ಮಾತು ಮತ್ತೆ ಹಣ್ಣಿನ ಮರಕ್ಕೇ ಬಂದು ನಿಂತಿತು.

ಮೇಷ್ಟ್ರು: ಇನ್ನೊಂದು ಗಂಟು ಬಿಡಿಸು. ತೀರ್ಪು ಮಾಡಬೇಡಿ ಎಂದೂ ನಿಮ್ಮ ಗ್ರಂಥ ಹೇಳುತ್ತದೆ. ಹಣ್ಣು ನೋಡಿ ಮರ ಗುರುತಿಸಿ ಎಂದೂ ಹೇಳುತ್ತದೆ. ಗುರುತಿಸುವುದು ತೀರ್ಪಲ್ಲವೆ?

ಉಪದೇಶಿ: ಎರಡೂ ಒಂದೇ ಅಧ್ಯಾಯದಲ್ಲಿವೆ, ಮತ್ತಾಯ 7ರಲ್ಲಿ. ನಡುವೆ ಹದಿನೈದು ವಚನವೂ ಇಲ್ಲ. ಹಣ್ಣಿನ ಪರೀಕ್ಷೆ ಹೇಳಿರುವುದು ಕುರಿಯ ತೊಗಲು ಹೊದ್ದು ಬರುವ ಸುಳ್ಳು ಪ್ರವಾದಿಗಳ ವಿಷಯದಲ್ಲಿ. ನಮ್ಮನ್ನು ನಡೆಸಲು ಬರುವವನನ್ನು ಪರೀಕ್ಷಿಸಿಯೇ ಹಿಂದೆ ಹೋಗಬೇಕು. ಪಕ್ಕದ ಮನೆಯವನ ಕಣ್ಣಿನ ಕಸ ಹುಡುಕುವ ಕೆಲಸ ಬೇರೆ. ಅದಕ್ಕೆ ಮುಂಚೆ ತನ್ನ ಕಣ್ಣಿನ ತೊಲೆ ತೆಗೆದುಕೊಳ್ಳಬೇಕು. ರೂಢಿಯಲ್ಲಿ ಈ ಪರೀಕ್ಷೆಯನ್ನು ಸಭೆ ಒಳಮುಖವಾಗಿ ತಿರುಗಿಸಿದೆ. ಪಾಪನಿವೇದನೆ ಎಂಬುದು ಅದೇ. ಒಬ್ಬನು ತನ್ನ ನಡೆನುಡಿಯನ್ನು ತಾನೇ ಎಣಿಸಿ, ಮಂಡಿಯೂರಿ, ಗುರುಗಳಿಗೆ ಒಪ್ಪಿಸುತ್ತಾನೆ. ಕೇಳಿದ ಗುರುಗಳು ಅದನ್ನು ಪ್ರಾಣ ಹೋದರೂ ಹೊರಗೆ ಹೇಳುವಂತಿಲ್ಲ. ಬಲಿಪೂಜೆಯ ಆರಂಭದಲ್ಲಿ ಎಲ್ಲರೂ ಒಟ್ಟಿಗೆ ಹೇಳುವ ಪ್ರಾರ್ಥನೆಯಲ್ಲೂ ಯೋಚನೆಯ ಪಾಪ, ಮಾತಿನ ಪಾಪ, ಕೃತಿಯ ಪಾಪ ಎಂದು ಎಣಿಕೆಯಿದೆ.

ಮೇಷ್ಟ್ರು: ಮನೋವಾಕ್ಕಾಯ. ತ್ರಿಕರಣವೇ ಆಯಿತಲ್ಲ.

ಉಪದೇಶಿ: 1970ರ ಪರಿಷ್ಕೃತ ಪೂಜಾಗ್ರಂಥದಲ್ಲಿ ನಾಲ್ಕನೆಯದೊಂದು ಸೇರಿತು: ಮಾಡಬೇಕಾದ್ದನ್ನು ಮಾಡದೆ ಬಿಟ್ಟದ್ದು. ಕಡೆಯ ತೀರ್ಪಿನ ಚಿತ್ರ ಮತ್ತಾಯ 25ರಲ್ಲಿದೆ, ನೋಡಿ. ಎಡಗಡೆ ನಿಂತವರು ಕೊಂದವರಲ್ಲ, ಕದ್ದವರಲ್ಲ. ಹಸಿದವನಿಗೆ ಅನ್ನ ಕೊಡಲಿಲ್ಲ, ಸೆರೆಯಲ್ಲಿದ್ದವನನ್ನು ಹೋಗಿ ನೋಡಲಿಲ್ಲ, ಅಷ್ಟೇ. ಅದರಲ್ಲಿ ನನಗೆ ವಿಚಿತ್ರವಾಗಿ ಕಾಣುವುದು ಎರಡೂ ಕಡೆಯವರ ಆಶ್ಚರ್ಯ. ಒಳ್ಳೆಯದು ಮಾಡಿದವರೂ, ಸ್ವಾಮೀ, ನಿಮಗೆ ನಾವು ಯಾವಾಗ ಮಾಡಿದೆವು ಎಂದೇ ಕೇಳುತ್ತಾರೆ. ಮಾಡಿದ್ದರ ಲೆಕ್ಕ ಅವರ ಹತ್ತಿರ ಇಲ್ಲ.

ನೂಲು ಕೂತಿತು. ಮೇಷ್ಟ್ರು ಪಂಚಮವನ್ನೊಮ್ಮೆ, ಸಾರಣೆಗಳನ್ನೊಮ್ಮೆ, ಮಂದ್ರವನ್ನೊಮ್ಮೆ ಮೀಟಿ ತಂಬೂರಿಯನ್ನು ಗೋಡೆಗೆ ಒರಗಿಸಿದರು. ಮುಂದಿನ ಪ್ರಶ್ನೆ ಹಾಸನದ ಕಡೆಯೇ ಇದ್ದ ಒಬ್ಬ ಪಾದ್ರಿಯ ಬಗ್ಗೆ, ಹೆಸರು ಅಬ್ಬೆ ದುಬಾಯ್ಸ್. 1792ರಲ್ಲಿ ಗುರುಪಟ್ಟ ಪಡೆದು ಅದೇ ವರ್ಷ ಕ್ರಾಂತಿಯ ಫ್ರಾನ್ಸಿನಿಂದ ಹೊರಟ ಈ ಪಾದ್ರಿ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದರು. ಹಾಸನದ ಹತ್ತಿರ ಸಾತಳ್ಳಿಯಲ್ಲಿ ಒಂದು ಬೇಸಾಯದ ನೆಲೆ ಮಾಡಿದರು. ಈ ನಾಡಿನವರಂತೆ ಉಡುಪು ತೊಟ್ಟು, ರುಮಾಲು ಸುತ್ತಿ, ಇಲ್ಲಿನವರ ಊಟದ ಕಟ್ಟಳೆ ಹಿಡಿದು ಬದುಕಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದರು.

ಮೇಷ್ಟ್ರು: ಇವರನ್ನು ನಿನ್ನ ಅಳತೆಗೋಲಿನಲ್ಲಿ ಅಳೆಯಪ್ಪಾ. ರುಮಾಲು ವೇಷವೋ, ಗೌರವವೋ? ಹಿಂದೂಗಳ ಆಚಾರ ವಿಚಾರಗಳ ಮೇಲೆ ಅವರು ಬರೆದ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 1807ರಲ್ಲಿ ಎರಡು ಸಾವಿರ ಸ್ಟಾರ್ ಪಗೋಡ ಕೊಟ್ಟು ಕೊಂಡಿತು. ಇಂಗ್ಲಿಷಿನಲ್ಲಿ 1816ರಲ್ಲಿ ಅಚ್ಚಾಯಿತು. ಜನರೊಳಗೆ ಜನರಾಗಿ ಕೂತು ಕಂಡದ್ದನ್ನು ಆಳುವವರಿಗೆ ಮಾರಿದಂತಾಗಲಿಲ್ಲವೆ?

ಉಪದೇಶಿ: ಅದಕ್ಕಿಂತ ಖಾರವಾದದ್ದು ಇನ್ನೊಂದಿದೆ. ಅದರಲ್ಲಿ ಬಹುಭಾಗ ಅವರು ಸ್ವತಃ ಕಂಡದ್ದೂ ಅಲ್ಲ. ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮ್ಯೂರ್ 1987ರಲ್ಲಿ ಹಸ್ತಪ್ರತಿಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ಸಂಸ್ಕೃತಕ್ಕೂ ಲ್ಯಾಟಿನಿಗೂ ನಂಟಿದೆಯೆಂದು ಬಹಳ ಮೊದಲೇ ಗುರುತಿಸಿದ್ದ ಕೂರ್ದೂ ಎಂಬ ಯೇಸುಸಭೆಯ ಪಾದ್ರಿ 1779ರಲ್ಲಿ ತೀರಿಕೊಂಡರು. ಅವರ ಬರಹವನ್ನೇ ದುಬಾಯ್ಸ್ ಬಹುಮಟ್ಟಿಗೆ ತಮ್ಮದನ್ನಾಗಿ ಮಾಡಿಕೊಂಡಿದ್ದರು. ಕೂರ್ದೂ ಅವರ ಹೆಸರನ್ನು ಪುಸ್ತಕದಲ್ಲಿ ಹೇಳಲಿಲ್ಲ.

ಮೇಷ್ಟ್ರು: ಅಯ್ಯೋ! ಹೇಳೋದು ವೇದ, ಹಾಕೋದು ಗಾಳ. ಇನ್ನೇನು ಅಳೆಯುವುದು ಬಿಡು.

ಉಪದೇಶಿ: ಇನ್ನೂ ಇದೆ, ಮೇಷ್ಟ್ರೇ. ಸಿಡುಬು. ಜೆನ್ನರನ ಲಸಿಕೆ ಮುಂಬಯಿಗೆ ಬಂದದ್ದು 1802ರಲ್ಲಿ. ಮುಂದಿನ 1803-04ರಲ್ಲೇ ದುಬಾಯ್ಸ್ ಮೈಸೂರು ಸೀಮೆಯಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರಿಗೆ ಅದನ್ನು ಹಾಕಿಸಿದರು. ಆಗ ಈಗಿನಂತೆ ಸೀಸೆಯಲ್ಲಿ ಬರುವ ಮದ್ದಲ್ಲ. ಲಸಿಕೆ ಹಾಕಿದ ಮಗುವಿನ ತೋಳಿನಲ್ಲಿ ಎಂಟನೆಯ ದಿನದ ಹೊತ್ತಿಗೆ ಗುಳ್ಳೆ ಬಲಿಯುತ್ತದೆ. ಅದನ್ನು ಚುಚ್ಚಿ, ಬಂದ ತಿಳಿ ರಸವನ್ನು ಸೂಜಿಯ ತುದಿಯಲ್ಲಿ ಮುಂದಿನ ಮಗುವಿನ ತೋಳಿಗೆ ದಾಟಿಸಬೇಕು. ಸರಪಳಿ ಒಂದು ವಾರ ಕಡಿದರೆ ಎಲ್ಲ ಮತ್ತೆ ಮೊದಲಿನಿಂದ. ಸಿಡುಬು ಅಮ್ಮನ ಆಟ ಎಂದು ನಂಬಿದ ಊರಿನಲ್ಲಿ, ಒಂದು ಜಾತಿಯ ಮಗುವಿನ ಮೈಯಿಂದ ತೆಗೆದದ್ದನ್ನು ಇನ್ನೊಂದು ಜಾತಿಯ ಮಗುವಿಗೆ ಹಾಕುತ್ತೇವೆ ಎಂದರೆ ಯಾವ ತಾಯಿ ತೋಳು ಚಾಚಿಸುತ್ತಾಳೆ?

ಮೇಷ್ಟ್ರು: ದೇವಿ ಹಾಕುವವರು ಬಂದರು ಎಂದರೆ ನಮ್ಮ ಕಾಲದಲ್ಲೂ ಮಕ್ಕಳನ್ನು ಅಟ್ಟದ ಮೇಲೆ ಬಚ್ಚಿಡುತ್ತಿದ್ದರು. ತೋಳಿನ ಮೇಲೆ ಈಗಲೂ ಆ ಕಲೆಯಿದೆ. ಸರಿ, ಆ ರುಮಾಲಿಗೆ ಒಂದು ಉಪಯೋಗವಾಯಿತು ಎನ್ನು. ಆದರೂ ಕಂಪನಿ ಸರ್ಕಾರಕ್ಕೂ ಲಸಿಕೆ ಬೇಕಿತ್ತು, ಕಡೆಗೆ ಅವರಿಗೆ ಪಿಂಚಣಿಯನ್ನೂ ಕೊಟ್ಟಿತು. ಪುಣ್ಯವನ್ನೂ ಪಿಂಚಣಿಯನ್ನೂ ಹೇಗೆ ಬೇರೆ ಮಾಡುತ್ತೀ?

ಉಪದೇಶಿ: ಮಾಡಲಾಗದು. ಒಬ್ಬ ಮನುಷ್ಯನ ಉಗ್ರಾಣದಲ್ಲಿ ಒಂದೇ ಧಾನ್ಯ ಇರುವುದಿಲ್ಲ. ಆದರೆ ಪುಸ್ತಕದ ಮಾತು ಹೆಚ್ಚುಕಡಿಮೆ ಬೇರೆಯವರದು, ಸೂಜಿ ಹಿಡಿಸಿದ ಶ್ರಮ ಅವರದು. ನನ್ನ ಮಟ್ಟಿಗೆ ತಕ್ಕಡಿ ಆ ಕಡೆ ತೂಗುತ್ತದೆ. ಅವರನ್ನು ಅಳೆಯುವುದಕ್ಕಿಂತ, ಅವರು ಅಳೆದದ್ದು ನೋಡಿ. 1823ರಲ್ಲಿ ಯೂರೋಪಿಗೆ ಹಿಂತಿರುಗಿದ ವರ್ಷವೇ ಲಂಡನ್ನಿನಲ್ಲಿ ಅವರ ಇನ್ನೊಂದು ಪುಸ್ತಕ ಬಂತು, ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿಯ ಬಗ್ಗೆ ಪತ್ರಗಳು. ಹಿಂದೂಗಳನ್ನು ನಿಜವಾದ ಕ್ರೈಸ್ತರನ್ನಾಗಿ ಮಾಡುವುದು ಆಗದ ಮಾತು ಎಂಬುದು ಅದರ ವಾದ. ಇಪ್ಪತ್ತೈದು ವರ್ಷದಲ್ಲಿ ತಾವು ಮಾಡಿದ ಹೊಸ ಕ್ರೈಸ್ತರು ಇನ್ನೂರು ಮುನ್ನೂರರ ಒಳಗೆ ಎಂದು ಎಣಿಸಿ, ಅವರಲ್ಲೂ ಹೆಚ್ಚಿನವರು ಹೊಲೆಯರು, ಭಿಕಾರಿಗಳು, ಜಾತಿಯಿಂದ ಹೊರಬಿದ್ದವರು, ಮನಸಾರೆ ನಂಬಿ ಬಂದವರಲ್ಲ ಎಂದು ತಳ್ಳಿಹಾಕಿದರು. ಪ್ರಾಟೆಸ್ಟೆಂಟ್ ಪಾದ್ರಿಗಳು ಕೆರಳಿದರು. 1824ರಲ್ಲೇ ಜೇಮ್ಸ್ ಹೌ ಎಂಬುವರು ಪುಸ್ತಕ ಬರೆದು ಉತ್ತರ ಕೊಟ್ಟರು.

ಮೇಷ್ಟ್ರು: ತಾನೇ ನೀರು ಹಾಕಿದವರ ಒಳಗನ್ನು ತಾನೇ ಅನುಮಾನಿಸಿದ!

ಉಪದೇಶಿ: ಹೊಟ್ಟೆಪಾಡಿಗೆ ಬಂದವರು ಎಂದು ಅವರಿಗೆ ಕಂಡಿತು. ಬರಗಾಲದಲ್ಲಿ ಬಂದವರು ಇದ್ದಿರಲೂಬಹುದು. ಆದರೆ ಹಣ್ಣಿಗೆ ಕಾಯಬೇಕು ಎಂದೆನಲ್ಲ, ದುಬಾಯ್ಸ್ ಕಾಯಲಿಲ್ಲ. ಹೂವು ಬಿಡುವ ಮೊದಲೇ ಮರದ ಜಾತಿ ಹೇಳಿ ಹಡಗು ಹತ್ತಿದರು. ಸಾತಳ್ಳಿಯ ಒಕ್ಕಲುಗಳು ಹಾಗೇ ಉಳಿದವು. 1860ರ ದಶಕದಲ್ಲಿ ಅದೇ ಹಾಸನ ಸೀಮೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು ಜಪಮಾಲೆ ಮಾತೆಯ ದೊಡ್ಡ ಚರ್ಚು ಕಟ್ಟಿದರು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟೆ ಮುಗಿದು, ಹಿನ್ನೀರು ಆ ಊರಿನ ಮೇಲೆ ಬಂತು. ಜನ ಎತ್ತರದ ಜಾಗಕ್ಕೆ ಹೋದರು. ಈಗ ಮಳೆಗಾಲದಲ್ಲಿ ಆ ಚರ್ಚು ಅರ್ಧ ನೀರಿನೊಳಗೆ ನಿಂತಿರುತ್ತದೆ; ಬೇಸಿಗೆಯಲ್ಲಿ ಫೋಟೋ ತೆಗೆಸಿಕೊಳ್ಳುವವರು ಬರುತ್ತಾರೆ. ಚಾವಣಿಯಿಲ್ಲ, ಗಾರೆ ಉದುರಿ ಇಟ್ಟಿಗೆ ಕಾಣುತ್ತದೆ. ಹೊಲ ಹೋಯಿತು, ಮನೆ ಹೋಯಿತು, ಚರ್ಚು ಹೋಯಿತು. ಹೊಟ್ಟೆಪಾಡಿಗೆ ಹಿಡಿದ ನಂಬಿಕೆಯಾಗಿದ್ದರೆ ಅಲ್ಲಿಗೆ ಅದೂ ಬಿಟ್ಟುಹೋಗಬೇಕಿತ್ತು. ಹೊಸ ಜಾಗದಲ್ಲೂ ಅವರು ಮಾಡಿಕೊಂಡ ಮೊದಲ ಕೆಲಸಗಳಲ್ಲಿ ಒಂದು ಪೂಜೆಗೆ ಜಾಗ.

ಮೇಷ್ಟ್ರು: ಅಂದರೆ ದೊಡ್ಡಸ್ವಾಮಿಯವರ ನುಡಿಯನ್ನು ಸುಳ್ಳು ಮಾಡಿದ್ದು ದೊಡ್ಡಸ್ವಾಮಿಯವರೇ ನೆಟ್ಟ ಗಿಡ.

ಉಪದೇಶಿ: ಹಾಗೆನ್ನಬಹುದು. ಅವರು ಪ್ಯಾರಿಸಿನಲ್ಲಿ ತಮ್ಮ ಮಿಷನ್ ಸಂಸ್ಥೆಯ ಮುಖ್ಯಸ್ಥರೂ ಆಗಿ, 1848ರಲ್ಲಿ ತೀರಿಕೊಂಡರು. ಭಾರತಕ್ಕೆ ಮತ್ತೆ ಬರಲಿಲ್ಲ.

ಮೇಷ್ಟ್ರು: ತಮ್ಮ ಬಗ್ಗೆ ಅವರು ಹೀಗೆಲ್ಲ ಬರೆದಿದ್ದಾರೆಂದು ಸಾತಳ್ಳಿಯವರಿಗೆ ಗೊತ್ತಾಗಿತ್ತೆ?

ಉಪದೇಶಿ: ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದದ್ದು, ನೇಗಿಲು ಹಿಡಿದವರ ಕೈಗೆ ಎಲ್ಲಿಂದ ಸಿಗಬೇಕು, ಮೇಷ್ಟ್ರೇ? ಅವರಿಗೆ ಸಿಕ್ಕಿದ್ದು ಉಳಲು ನೆಲ, ಮಕ್ಕಳ ತೋಳಿನ ಮೇಲೆ ಒಂದು ಕಲೆ. ದೊಡ್ಡಸ್ವಾಮಿಯವರು ಎಂದೇ ಕರೆಯುತ್ತ ಬಂದರು.